ಬಾಂಬಕ್ಕನ ಅಂಕಿ

ನನ್ನ ಅತ್ತಿಗೆಯನ್ನು ಕಾರ್ಖಾನೆಯಲ್ಲಿ ಎಲ್ಲರೂ ಬಾಂಬಕ್ಕ ಅನ್ನುತ್ತಾರೆ. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ಮೇಡಂ. ಹೆಸರು ಕೇಳಿ ಯಾರೂ ಗಾಬರಿಯಾಗಬೇಕಿಲ್ಲ, ಅವರ ಕೆಲಸದ ಪಾತ್ರೆಗೇ ಬಾಂಬ್ ಅಂತ ಹೆಸರು. ಚೊಂಬಿನ ಗಾತ್ರದ ದಪ್ಪ ಉಕ್ಕಿನ ಡಬ್ಬಿ, ಮುಚ್ಚಳ ತಿರುಪಿ ಬಿಗಿ ಮಾಡುವಂಥದ್ದು. ಅದರೊಳಗೆ ಉರುವಲನ್ನು ಸುಟ್ಟು, ಅದರಲ್ಲಿ ಎಷ್ಟು ಶಾಖವಿದೆ ಎಂದು ಲೆಕ್ಕ ಹಾಕಿ ಹೇಳುವುದು ಅವರ ಉದ್ಯೋಗ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಂಜೆ ಮನೆಗೆ ಬಂದು, ಇವತ್ತು ಬಾಂಬ್ ತೊಳೆದೂ ತೊಳೆದೂ ಕೈ ನೋವು ಬಂತು ಅಂದರಂತೆ. ಆಗಿನ್ನೂ ಬದುಕಿದ್ದ ನಮ್ಮ ಅತ್ತೆ ಅವತ್ತು ಮಗಳ ಚೀಲವನ್ನು ಬಾಗಿಲ ಹೊರಗೇ ಇಡಿಸಿದ್ದರಂತೆ.

ಈ ಕಥೆ ಹೇಳಿ ಹೇಳಿ ನಗುತ್ತಿದ್ದವರು ನಮ್ಮವರು, ಅಂದರೆ ನನ್ನ ಗಂಡ. ಅತ್ತಿಗೆಗೆ ಇರುವ ಒಬ್ಬನೇ ತಮ್ಮ. ಮಾವ ಬೇಗ ತೀರಿಕೊಂಡಿದ್ದರಿಂದ ಅತ್ತಿಗೆ ಚಿಕ್ಕ ವಯಸ್ಸಿಗೇ ದುಡಿಯಲು ಹೊರಟು, ತಮ್ಮನನ್ನು ಓದಿಸಿ, ಸಾಕಿ, ಕೊನೆಗೆ ನನ್ನನ್ನು ಹುಡುಕಿ ತಂದು ಮದುವೆಯನ್ನೂ ಮಾಡಿದರು. ತಾವು ಮಾತ್ರ ಹಾಗೇ ಉಳಿದರು. ಬಂದ ಗಂಡುಗಳನ್ನೆಲ್ಲ ಡಬ್ಬಿಯೊಳಗೆ ಹಾಕಿ ಸುಟ್ಟು ನೋಡಿ, ಶಾಖ ಸಾಲದು ಅಂತ ವಾಪಸ್ ಕಳಿಸಿದರು ಎಂದು ಬೀದಿಯವರ ತಮಾಷೆ. ಅದು ಅತ್ತಿಗೆಯ ಕಿವಿಗೂ ಬಿದ್ದಿದೆ. ಅವರು ನಕ್ಕಿಲ್ಲ, ಸಿಟ್ಟೂ ಆಗಿಲ್ಲ. ಮೀಸೆ ಬೆಳ್ಳಗಾಗುತ್ತಿರುವ ತಮ್ಮನನ್ನು ಈಗಲೂ ಪುಟ್ಟ ಅಂತಲೇ ಕರೆಯುತ್ತಾರೆ.

ಒಮ್ಮೆ ಅವರು ಮರೆತುಹೋಗಿದ್ದ ಕನ್ನಡಕ ಕೊಡಲು ಹೋದಾಗ ಅವರ ಕೋಣೆ ನೋಡಿದ್ದೆ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಅದು. ಬಾಯ್ಲರ್ ಮನೆಯ ಪಕ್ಕದಲ್ಲಿ ಗಾಜಿನ ಬಾಗಿಲಿನ ಚಿಕ್ಕ ಕೋಣೆ. ಫ್ಯಾನ್ ಇದೆ, ಆದರೆ ತಕ್ಕಡಿ ಅಲ್ಲಾಡುತ್ತದೆ ಅಂತ ಹಾಕುವುದಿಲ್ಲ. ನೋಡುವುದಾದರೆ ನೋಡು, ಉಸಿರು ಮಾತ್ರ ಆ ಕಡೆ ಬಿಡು ಅಂದರು. ಜರಡಿ ಹಿಡಿದ ಕಲ್ಲಿದ್ದಲ ಪುಡಿ ಒಂದು ಗ್ರಾಂ ತೂಗಿ, ಹೆಬ್ಬೆರಳಿನ ಅಗಲದ ಬಟ್ಟಲಿಗೆ ಹಾಕಿದರು. ಮೇಲೆ ಕೂದಲೆಳೆಯಂಥ ತಂತಿ, ತಂತಿಯಿಂದ ಪುಡಿಗೆ ಒಂದು ತುಂಡು ಹತ್ತಿ ದಾರ. ಬಟ್ಟಲನ್ನು ಬಾಂಬಿನೊಳಗೆ ಕೂರಿಸಿ, ಮುಚ್ಚಳ ಬಿಗಿದು, ಸಿಲಿಂಡರಿನಿಂದ ಆಮ್ಲಜನಕ ತುಂಬಿ, ಅಳೆದು ಇಟ್ಟ ನೀರಿನ ಬಕೆಟ್ಟಿಗೆ ಇಳಿಸಿದರು. ನೀರಿನ ಬಿಸಿ ಎಷ್ಟಿದೆ ನೋಡಿಕೊಂಡು, ತಂತಿಗೆ ಕರೆಂಟು ಬಿಟ್ಟು ಬೆಂಕಿ ಹೊತ್ತಿಸುವ ಗುಂಡಿ ಒತ್ತಿದರು. ನಾನು ಕಿವಿ ಮುಚ್ಚಿಕೊಂಡೆ. ಏನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ನೀರಿನ ಬಿಸಿ ಒಂದೆರಡು ಡಿಗ್ರಿ ಏರಿತು, ಅಷ್ಟೇ.

ಇಷ್ಟೇನಾ ಅಂದದ್ದಕ್ಕೆ ಅತ್ತಿಗೆಗೆ ಬೇಸರವಾಯಿತು. ನೀರು, ಬಕೆಟ್ಟು, ಬಾಂಬು ಎಲ್ಲ ಸೇರಿ ಒಂದು ಡಿಗ್ರಿ ಏರಲು ಎಷ್ಟು ಶಾಖ ಬೇಕು ಅಂತ ಮೊದಲೇ ಕಂಡುಕೊಂಡಿರುತ್ತಾರೆ. ಏರಿದ ಡಿಗ್ರಿಯನ್ನು ಅದರಿಂದ ಗುಣಿಸಬೇಕು. ಆ ತಂತಿ, ಆ ದಾರ ಕೂಡ ಉರಿದಿರುತ್ತವಲ್ಲ, ಅವುಗಳ ಶಾಖವನ್ನು ಕಳೆಯಬೇಕು. ಉಳಿದದ್ದನ್ನು ಪುಡಿಯ ತೂಕದಿಂದ ಭಾಗಿಸಿದರೆ ಉರುವಲಿನ ಬೆಲೆ, ಹಣದ ಬೆಲೆಯಲ್ಲ, ಶಾಖದ ಬೆಲೆ ಸಿಗುತ್ತದೆ. ಇಷ್ಟನ್ನೂ ಬಿಡಿಸಿ ಬಿಡಿಸಿ ಹೇಳಿದರು. ಒಂದು ಗೇಣು ದಾರದ ಶಾಖವನ್ನೂ ಕಳೆದು ನೋಡುವ ಹೆಂಗಸಿನ ಜೊತೆ ಒಂದೇ ಅಡುಗೆಮನೆಯಲ್ಲಿ ಬಾಳುವುದು ಹೇಗಿರುತ್ತದೆ ಅಂತ ನೀವೇ ಊಹಿಸಿಕೊಳ್ಳಿ.

ಲೆಕ್ಕ ಮುಗಿದ ಮೇಲೂ ಅವರು ಅಂಕಿಯನ್ನು ಯಾರಿಗೂ ಹೇಳಲಿಲ್ಲ. ಬಾಂಬಿನ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು, ಒಳಗೆ ಬಗ್ಗಿ ನೋಡಿದರು. ಬಟ್ಟಲಲ್ಲಿ ಮಸಿಯಿದ್ದರೆ, ಗೋಡೆಗೆ ಸುಡದ ಪುಡಿ ಅಂಟಿದ್ದರೆ ಆ ಅಂಕಿ ಸುಳ್ಳು, ಎಸೆದು ಇನ್ನೊಂದು ಸಲ ಮಾಡಬೇಕು. ಒಳಗೆ ನೋಡದೆ ಅಂಕಿ ಹೇಳಬಾರದು ಎನ್ನುವುದು ಅವರು ತಾವೇ ಮಾಡಿಕೊಂಡು, ಕೈಕೆಳಗಿನವರಿಗೂ ಕಣ್ಣೀರು ಬರುವ ತನಕ ಕಲಿಸಿದ ನಿಯಮ. ಹಾಗಾಗಿಯೇ ಬಾಂಬಕ್ಕ ಒಂದು ಅಂಕಿ ಹೇಳಿದರೆ ಕಾರ್ಖಾನೆಯಲ್ಲಿ ಮುಗಿಯಿತು, ಅದರ ಮೇಲೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಮನೆಯಲ್ಲೂ ಅಷ್ಟೇ.

ಇನ್ನು ನಮ್ಮವರ ವಿಷಯ. ಅವರು ಸೈಕಲ್ ಅಂಗಡಿ ಇಟ್ಟು ಮುಚ್ಚಿದರು. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟರು, ಅದನ್ನೂ ಮುಚ್ಚಿದರು. ಕೈ ಹಾಕಿದ ಯಾವ ಕೆಲಸವೂ ಅವರ ಕೈ ಹಿಡಿಯಲಿಲ್ಲ. ಸೋತು ಬಂದಾಗಲೆಲ್ಲ ಅತ್ತಿಗೆ, ಹೋಗಲಿ ಬಿಡು ಪುಟ್ಟ ಅನ್ನುತ್ತಿದ್ದರು, ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಆಮೇಲೆ ಎಲ್ಲಿಂದಲೋ ಒಂದು ಹಳೆಯ ಪ್ರೆಸ್ ಹಿಡಿದುಕೊಂಡು ಬಂದು ಹಿತ್ತಿಲ ಶೆಡ್ಡಿನಲ್ಲಿ ನಿಲ್ಲಿಸಿದರು. ಸಾಮಿಲ್‌ನಲ್ಲಿ ಮರ ಕೊಯ್ಯುವಾಗ ಬೀಳುವ ಹೊಟ್ಟನ್ನು ತಂದು, ಒಣಗಿಸಿ, ಆ ಯಂತ್ರದಲ್ಲಿ ಬಿಸಿಯಾಗಿ ಒತ್ತಿದರೆ ತೋಳಿನ ಗಾತ್ರದ ಕೊರಡುಗಳು ಬರುತ್ತವೆ. ಒಲೆಗೆ ಹಾಕಲು ಸೌದೆಗಿಂತ ಚೊಕ್ಕ.

ಇದೂ ನಾಲ್ಕು ದಿನದ ಹುಚ್ಚು ಅಂದುಕೊಂಡಿದ್ದೆ. ಅಲ್ಲ. ಹೊಟ್ಟನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿ, ಇನ್ನೂ ಒದ್ದೆಯಿದೆ, ಈಗ ಸರಿ ಹೋಯಿತು ಎಂದು ಹೇಳುವುದನ್ನು ಅವರು ಯಾರಿಂದಲೂ ಕಲಿಯದೆ ಕಲಿತರು. ಅವರ ಕೊರಡು ಮುರಿದರೆ ಒಳಗೆಲ್ಲ ಒಂದೇ ಬಣ್ಣ, ಬಿರುಕಿಲ್ಲ, ಪುಡಿ ಉದುರುವುದಿಲ್ಲ. ಬೇಕರಿಯವರು ಕೊಂಡರು, ಲಾಂಡ್ರಿಯವರು ಕೊಂಡರು. ಸಂಜೆ ಮೈಯೆಲ್ಲ ಹೊಟ್ಟು ಮಾಡಿಕೊಂಡು ಒಳಗೆ ಬರುವಾಗ ಅವರ ನಡಿಗೆಯೇ ಬೇರೆಯಾಗಿತ್ತು. ನನ್ನ ಗಂಡ ಒಂದು ಕೆಲಸವನ್ನು ಚೆನ್ನಾಗಿ ಮಾಡುವುದನ್ನು ನಾನು ಕಂಡದ್ದು ಅದೇ ಮೊದಲು.

ಅಷ್ಟರಲ್ಲಿ ಕಾರ್ಖಾನೆಯವರು, ಕಲ್ಲಿದ್ದಲ ಜೊತೆ ಇಂಥ ಕೊರಡನ್ನೂ ಬಾಯ್ಲರಿಗೆ ಹಾಕುತ್ತೇವೆ, ಮಾಡುವವರು ಮಾದರಿ ತಂದು ಕೊಡಿ ಅಂದರು. ಶಾಖದ ಬೆಲೆ ಕಿಲೋಗೆ ಮೂರು ಸಾವಿರದ ಎಂಟುನೂರು ಕಿಲೋಕ್ಯಾಲೊರಿಯ ಮೇಲಿದ್ದವರ ಮಾಲು ತೆಗೆದುಕೊಳ್ಳುತ್ತಾರೆ, ಕೆಳಗಿದ್ದವರದು ಇಲ್ಲ. ಅದು ಸಿಕ್ಕರೆ ನಮ್ಮವರ ಪ್ರೆಸ್ ವರ್ಷವಿಡೀ ಓಡುತ್ತದೆ. ಅಕ್ಕ ಒಳಗೇ ಕೂತಿದ್ದಾಳೆ, ತಮ್ಮನದು ಆದ ಹಾಗೇ ಅಂತ ಬೀದಿಯಲ್ಲಿ ಆಗಲೇ ಮಾತು. ಕಾರ್ಖಾನೆಯಲ್ಲೂ ಅದೇ ಮಾತು, ಇನ್ನೂ ಸ್ವಲ್ಪ ಮಸಾಲೆ ಸೇರಿಸಿ. ಅತ್ತಿಗೆಗೆ ಅದು ಮುಳ್ಳಿನ ಹಾಗೆ ಚುಚ್ಚಿತು. ಮಾದರಿಯನ್ನು ಬೇರೆ ಯಾರ ಕೈಲಾದರೂ ಕಳಿಸು ಅಂತ ತಮ್ಮನಿಗೆ ಹೇಳಬೇಕೆಂದಿದ್ದರಂತೆ, ಹೇಳಲಿಲ್ಲ.

ನಮ್ಮವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಾವೇ ಹೋದರು. ಹೋಗಿ ಗಾಜಿನ ಬಾಗಿಲ ಹೊರಗೆ ನಿಂತು, ಬಾಯಿ ತುಂಬ ಅಕ್ಕಾ ಎಂದು ಕರೆದರು. ಓಣಿಯಲ್ಲಿ ಮ್ಯಾನೇಜರು, ಸ್ಟೋರಿನವರು ಎಲ್ಲ ನಿಂತಿದ್ದರು. ಇವತ್ತು ಮನೆ ಅಡುಗೆಗೆ ಮನೆಯವರೇ ರುಚಿ ನೋಡ್ತಾರೆ ಅಂತ ಯಾರೋ ಅಂದು, ಎಲ್ಲರೂ ನಕ್ಕರು. ನಮ್ಮವರೂ ನಕ್ಕರು, ಅವರಿಗೇನು ಗೊತ್ತು. ಅತ್ತಿಗೆಯ ಮುಖ ಮಾತ್ರ ಕಿವಿಯವರೆಗೆ ಕೆಂಪಾಯಿತು.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ, ಆಮೇಲೆ ಅತ್ತಿಗೆಯೇ ಒಂದು ಮಾತೂ ಬಿಡದೆ ಹೇಳಿದ್ದು. ಮರದ ಹೊಟ್ಟು ಹಗುರ. ಕಲ್ಲಿದ್ದಲ ಪುಡಿಯಂತೆ ಅದನ್ನು ಬಟ್ಟಲಲ್ಲಿ ಬಿಡಿಯಾಗಿ ಹಾಕಬಾರದು, ಪುಟ್ಟ ಅಚ್ಚಿನಲ್ಲಿ ಒತ್ತಿ ಮಾತ್ರೆ ಮಾಡಿ ಇಡಬೇಕು. ಇಲ್ಲದಿದ್ದರೆ ಆಮ್ಲಜನಕ ನುಗ್ಗುವ ರಭಸಕ್ಕೆ ಪುಡಿ ಬಟ್ಟಲಿನಿಂದ ಹಾರಿ, ಬೆಂಕಿಯೇ ತಗುಲದೆ ಉಳಿಯುತ್ತದೆ. ಅತ್ತಿಗೆಗೆ ಇದು ಗೊತ್ತಿತ್ತು. ಅಚ್ಚು ಬೀರುವಿನಲ್ಲಿತ್ತು. ಆದರೆ ಕಾರ್ಖಾನೆಗೆ ಬಂದ ಕೊರಡಿನ ಮಾದರಿಗಳಲ್ಲಿ ತಮ್ಮನದೇ ಮೊದಲನೆಯದು, ಅಷ್ಟು ಜನರ ಕಣ್ಣೆದುರು ಬೀರು ತೆಗೆದು, ದಿನವೂ ಬಳಸದ ಅಚ್ಚನ್ನು ಹುಡುಕಿ, ತಮ್ಮನ ಮಾಲಿಗೆ ಮಾತ್ರ ವಿಶೇಷ ಉಪಚಾರ ಮಾಡುವುದಕ್ಕೆ ಅವರಿಗೆ ಮುಜುಗರವಾಯಿತು. ಬೇಗ ಮುಗಿದು ಅವನು ಹೋದರೆ ಸಾಕು ಅನ್ನಿಸಿತು. ಕೊರಡಿನ ತುಂಡು ಅರೆದು, ಪುಡಿಯನ್ನು ಹಾಗೇ ಬಟ್ಟಲಿಗೆ ಸುರಿದರು, ಸಿಲಿಂಡರಿನ ತಿರುಪನ್ನು ಒಂದೇ ಸಲಕ್ಕೆ ತಿರುಗಿಸಿದರು. ಅಂಕಿ ಬಂತು, ಮೂರು ಸಾವಿರದ ನೂರ ಅರವತ್ತು.

ಮ್ಯಾನೇಜರು ಒಳಗೆ ಬಂದು ಹೆಗಲ ಹಿಂದೆ ನಿಂತಿದ್ದರು. ಅಂಕಿ ನೋಡಿ, ಅಯ್ಯೋ ಪಾಪ ಅಂದರು. ಅತ್ತಿಗೆ ಬಾಂಬ್ ಎತ್ತಿಕೊಂಡು ತೊಟ್ಟಿಯ ಹತ್ತಿರ ಹೋಗಿ ಮುಚ್ಚಳ ತೆಗೆದರು. ಒಳಗೋಡೆಗೆ, ತಳಕ್ಕೆ, ತೆಳು ಕಂದು ಬಣ್ಣದ ಪುಡಿ ಅಂಟಿತ್ತು. ಸುಡದ ಪುಡಿ. ಬೇರೆ ಯಾರದ್ದೇ ಮಾಲಾಗಿದ್ದರೂ ಅಲ್ಲೇ ತಲೆಯಾಡಿಸಿ, ಇದು ಆಗಲಿಲ್ಲ, ಇನ್ನೊಂದು ಸಲ ಅನ್ನುತ್ತಿದ್ದರು. ತಮ್ಮನ ಮಾಲು ಸೋತ ಮೇಲೆ ಇನ್ನೊಂದು ಸಲ ಅಂದರೆ ನಾಳೆ ಕಾರ್ಖಾನೆ ತುಂಬ ಏನು ಮಾತು ಹಬ್ಬುತ್ತದೆ ಎಂದು ಯೋಚಿಸಿದರು. ಸ್ವಲ್ಪವೇ ಪುಡಿ, ಇದರಿಂದ ಎಷ್ಟು ವ್ಯತ್ಯಾಸ ಬಂದೀತು ಅಂತಲೂ ತಮಗೆ ತಾವೇ ಹೇಳಿಕೊಂಡರು. ನಲ್ಲಿ ತಿರುಗಿಸಿ ತೊಳೆದುಬಿಟ್ಟರು. ಹೊರಗೆ ಬಂದು ತಮ್ಮನಿಗೆ, ಸಾಲಲಿಲ್ಲ ಅಂದರು.

ಅದಾದ ಮೇಲೆ ಮ್ಯಾನೇಜರು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಪಾಳಿ ಬದಲಾಗುವ ಹೊತ್ತಿಗೆ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ, ಒಡಹುಟ್ಟಿದ ತಮ್ಮನ ಮಾಲನ್ನೇ ತಳ್ಳಿಹಾಕಿದ ಹೆಂಗಸು ಇವರು, ನೋಡಿ ಕಲಿಯಿರಿ ಎಂದು ಭಾಷಣ ಮಾಡಿ, ಒಂದು ಗೋಡೆ ಗಡಿಯಾರ ಕೊಟ್ಟರಂತೆ. ಚಪ್ಪಾಳೆ ಬಿದ್ದವು. ಆ ಚಪ್ಪಾಳೆ ಕೇಳಿ ಒಂದು ಕ್ಷಣ ಖುಷಿಯಾಯಿತು ಅಂತ ಅತ್ತಿಗೆಯೇ ನನಗೆ ಹೇಳಿದ್ದಾರೆ. ಪುಡಿ ತೊಳೆದದ್ದಕ್ಕಿಂತ ಆ ಖುಷಿಯನ್ನು ನೆನೆದರೇ ಅವರಿಗೆ ಹೆಚ್ಚು ನಾಚಿಕೆ. ಗಡಿಯಾರ ಗೋಡೆಗೆ ಬರಲಿಲ್ಲ, ಪೆಟ್ಟಿಗೆ ಸಮೇತ ಅವರ ಮಂಚದ ಕೆಳಗೆ ಹೋಯಿತು.

ನನಗೋ ಮೈಯೆಲ್ಲ ಉರಿ. ಎದುರಾಡುವ ಧೈರ್ಯವಿಲ್ಲದೆ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ತಟ್ಟೆಯನ್ನು ಅತ್ತಿಗೆಯ ಮುಂದೆ ಕುಕ್ಕಿದೆ. ತಾಯಿಯ ಹಾಗೆ ಸಾಕಿದವಳೇ ಹೀಗೆ ಮಾಡಬಹುದಾ ಎಂದು ಗಂಡನ ಮುಂದೆ ಗೊಣಗಿದೆ. ಅವರು ನನ್ನ ಮೇಲೇ ರೇಗಿದರು.

"ಅಕ್ಕ ಸುಳ್ಳು ಅಂಕಿ ಹೇಳೋಳಲ್ಲ. ನನ್ನ ಮಾಲೇ ಸರಿ ಇಲ್ಲ ಅಂದ್ರೆ ಇಲ್ಲ. ಸುಮ್ನಿರು."

ಸರಿಯಿಲ್ಲದ್ದು ಏನು ಎಂದು ಹುಡುಕುತ್ತಾ ಹೋದರು. ಹೊಟ್ಟನ್ನು ಇನ್ನೂ ಎರಡು ಬಿಸಿಲು ಒಣಗಿಸಿದರು, ಕೊರಡು ಬಿರುಕು ಬಿಟ್ಟಿತು. ಇದ್ದಿಲ ಪುಡಿ ಬೆರೆಸಿ ನೋಡಿದರು, ಕೈಯಲ್ಲಿ ಹಿಡಿದರೆ ಪುಡಿಯಾಯಿತು. ಮುಷ್ಟಿಯಲ್ಲಿ ಹೊಟ್ಟು ಹಿಸುಕಿ, ಬಿಚ್ಚಿ, ಅಂಗೈಯನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಕಾರ್ಖಾನೆಯವರು ಬೇಡ ಅಂದದ್ದು ತಿಳಿದು ಬೇಕರಿಯವರೂ ಈ ಸಲ ಬೇಡ ಅಂದರು, ಮುಂದಿನ ಸಲವೂ. ಸ್ವಂತ ಅಕ್ಕನೇ ಒಲ್ಲೆ ಅಂದದ್ದನ್ನು ಯಾರು ಕೊಳ್ಳುತ್ತಾರೆ? ಉಳಿದ ಕೊರಡುಗಳನ್ನು ಬಚ್ಚಲುಮನೆಯ ಹಿಂದೆ ಪೇರಿಸಿದರು. ದುಡ್ಡು ಕೊಟ್ಟು ಸೌದೆ ಯಾಕೆ ತರಬೇಕು ಎಂದು ನಾನು ಸ್ನಾನದ ನೀರಿಗೆ ಅವನ್ನೇ ಉರಿಸತೊಡಗಿದೆ.

ಒಂದು ಬೆಳಗ್ಗೆ ಬಚ್ಚಲಿನಿಂದ ಅತ್ತಿಗೆ ಹಾ ಎಂದು ಕೂಗಿದರು. ಓಡಿದೆ. ತಣ್ಣೀರು ಬೆರೆಸುವ ಮೊದಲೇ ಹಂಡೆಗೆ ಕೈ ಅದ್ದಿ ಸುಟ್ಟುಕೊಂಡಿದ್ದರು. ಎಷ್ಟು ಕೊರಡು ಹಾಕಿದ್ದೆ ಎಂದು ಕೇಳಿದರು. ಒಂದೇ ಅಂದೆ. ಜೊತೆಗೆ ಸೌದೆ ಅಂದರು. ಇಲ್ಲ ಅಂದೆ. ಕೆಂಪಾದ ಬೆರಳುಗಳನ್ನು ಹಿಡಿದುಕೊಂಡು ಒಲೆಯನ್ನೇ ನೋಡುತ್ತಾ ನಿಂತರು. ಎಣ್ಣೆ ಹಚ್ಚಿಕೊಳ್ಳಿ ಅಂದದ್ದು ಅವರಿಗೆ ಕೇಳಿಸಲಿಲ್ಲ.

ರಜಾ ದಿನ ಬಂದಾಗ ಅವರು ಬಚ್ಚಲನ್ನು ವಶಪಡಿಸಿಕೊಂಡರು. ನಮ್ಮವರು ಹೊರಗೆಲ್ಲೋ ಹೋಗಿದ್ದರು. ಅತ್ತಿಗೆ ಲೋಟದಲ್ಲಿ ಅಳೆದು ಅಳೆದು ಹಂಡೆಗೆ ನೀರು ಹಾಕಿದರು. ಅಡುಗೆಮನೆಯ ತಕ್ಕಡಿ ತಂದು ಕೊರಡು ತೂಗಿದರು. ಕೆಲಸದ ಚೀಲದಿಂದ ಥರ್ಮಾಮೀಟರ್ ತೆಗೆದು ದಾರ ಕಟ್ಟಿ ಹಂಡೆಯೊಳಗೆ ಇಳಿಬಿಟ್ಟರು. ಹಂಡೆಗೆ ಜ್ವರ ಬಂತಾ ಅತ್ತಿಗೆ ಅಂತ ಕೇಳಿದೆ, ಅವರು ಒಲೆ ಹೊತ್ತಿಸಿದರು. ನಮ್ಮ ಕೊರಡು ಉರಿದು ಮುಗಿದ ಮೇಲೆ, ಒಲೆ ಪೂರ್ತಿ ತಣ್ಣಗಾಗುವ ತನಕ ಕಾದು, ಅಷ್ಟೇ ತಣ್ಣೀರು ಹಾಕಿ, ಅಷ್ಟೇ ತೂಕದ ಇನ್ನೊಂದು ಕೊರಡಿಟ್ಟರು. ಅದು ಆಮೇಲೆ ಬಂದು ಕಾರ್ಖಾನೆಯಲ್ಲಿ ಪಾಸಾಗಿದ್ದ ಬೇರೆಯವರ ಮಾಲು. ಚೀಲದಲ್ಲಿ ತಂದಿದ್ದರು.

ಹಂಡೆಯ ಲೆಕ್ಕ ಲೆಕ್ಕವೇ ಅಲ್ಲ, ಅರ್ಧ ಶಾಖ ಹೊಗೆಗೂಡಿನಲ್ಲೇ ಹೋಗುತ್ತದೆ ಎಂದು ಅವರೇ ಹೇಳುವುದು. ಆದರೆ ಎರಡು ಕೊರಡಿಗೂ ಹೊಗೆಗೂಡು ಒಂದೇ, ಹಂಡೆಯೂ ಒಂದೇ. ಬೇರೆಯವರ ಕೊರಡಿಗೆ ನೀರು ನಮ್ಮದರಷ್ಟು ಕಾಯಲಿಲ್ಲ, ಹತ್ತಿರಕ್ಕೂ ಬರಲಿಲ್ಲ. ಸ್ವಲ್ಪವೇ ಪುಡಿ ಅಂತ ಅವರು ಇಷ್ಟು ದಿನ ಹೇಳಿಕೊಂಡಿದ್ದ ಸಮಾಧಾನ ಅಲ್ಲಿಗೆ ಮುಗಿಯಿತು. ಬಚ್ಚಲ ಮೆಟ್ಟಿಲ ಮೇಲೆ ಥರ್ಮಾಮೀಟರ್ ಹಿಡಿದುಕೊಂಡು ಕೂತುಬಿಟ್ಟರು. ಏನಾಯಿತು ಅಂತ ಕೇಳಿದೆ. ಏನೂ ಇಲ್ಲ, ಸುಮ್ಮನೆ ಅಂದರು.

ಅಲ್ಲಿಂದ ಅತ್ತಿಗೆ ಬೇರೆಯೇ ಮನುಷ್ಯರಾದರು. ನಮ್ಮವರು ಮನೆಯೊಳಗೆ ಬಂದರೆ ಅತ್ತಿಗೆ ಎದ್ದು ಕೋಣೆಗೆ ಹೋಗುತ್ತಿದ್ದರು. ಊಟಕ್ಕೆ ಕೂತರೆ ತಟ್ಟೆಯಿಂದ ಕಣ್ಣು ಮೇಲೇಳುತ್ತಿರಲಿಲ್ಲ. ನಾನು ತಟ್ಟೆ ಕುಕ್ಕಿದರೂ ಒಂದು ಮಾತಿಲ್ಲ, ಅದು ನನಗೇ ಕಸಿವಿಸಿ. ಇಷ್ಟು ವರ್ಷ ಎಲ್ಲರ ತಪ್ಪನ್ನೂ ಮುಖದ ಮೇಲೆ ಹೇಳಿ ಬದುಕಿದವರು, ತಮ್ಮದೊಂದನ್ನು ಹೇಳಲಾಗದೆ ಒಳಗೊಳಗೇ ಕುಗ್ಗಿಹೋದರು. ನಮ್ಮವರು ಅಕ್ಕನ ಮುಖ ನೋಡಿ ನೋಡಿ, ನನ್ನ ಮಾಲಿನ ದೆಸೆಯಿಂದ ಕಾರ್ಖಾನೆಯಲ್ಲಿ ಅವಳಿಗೆ ಯಾರಾದರೂ ಏನಾದರೂ ಅಂತಾರೇನೋ ಎಂದು ನನ್ನ ಹತ್ತಿರ ಒದ್ದಾಡಿದರು.

ಆಗ ಸಾಮಿಲ್ ಯಜಮಾನ ಬಂದ. ಹೊಟ್ಟು ಕೊಡುತ್ತಿದ್ದವನೇ. ಓಡದ ಪ್ರೆಸ್ ಇಟ್ಟುಕೊಂಡು ಏನು ಮಾಡುತ್ತೀರಿ, ನನಗೆ ಕೊಡಿ, ನಾನು ಓಡಿಸುತ್ತೇನೆ ಎಂದು ಕೇಳಿದ. ಯೋಚನೆ ಮಾಡಿ ಹೇಳುತ್ತೇನೆ ಎಂದು ನಮ್ಮವರು ಕಳಿಸಿದರು. ಅತ್ತಿಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದರು.

"ಈಗ್ಲೇ ಕೊಡ್ಬೇಡ ಪುಟ್ಟ," ಅಂದರು.

ಯಾಕಕ್ಕ ಎಂದು ಅವರು ಕೇಳಿದರು. ಅತ್ತಿಗೆ ಬಾಯಿ ತೆರೆದರು. ಆಮೇಲೆ, ಸ್ವಲ್ಪ ದಿನ ನೋಡೋಣ, ಅವಸರವೇನು ಅಂತಷ್ಟೇ ಹೇಳಿ ಒಳಗೆ ಹೋದರು. ಆ ಒಂದು ಗಳಿಗೆಯಲ್ಲಿ ಹೇಳಿಬಿಟ್ಟಿದ್ದರೆ ಅಲ್ಲಿಗೆ ಎಲ್ಲ ಸರಿಯಾಗುತ್ತಿತ್ತು.

ಮರುದಿನ ಅವರು ಮನೆಯಿಂದ ಒಂದು ಕೊರಡು ತೆಗೆದುಕೊಂಡು ಕೆಲಸಕ್ಕೆ ಹೋದರು. ಬೀರು ತೆಗೆದು ಅಚ್ಚು ತೆಗೆದರು, ಹೊಟ್ಟನ್ನು ಒತ್ತಿ ಮಾತ್ರೆ ಮಾಡಿದರು, ಆಮ್ಲಜನಕವನ್ನು ನಿಧಾನವಾಗಿ ಬಿಟ್ಟರು. ನಾಲ್ಕು ಸಾವಿರದ ಇನ್ನೂರ ಹತ್ತು. ಒಳಗೆ ಬಗ್ಗಿ ನೋಡಿದರೆ ಬಟ್ಟಲಲ್ಲಿ ಚಿಟಿಕೆ ಬೂದಿ, ಗೋಡೆಯೆಲ್ಲ ಚೊಕ್ಕ. ನೇರ ಮ್ಯಾನೇಜರ ಕೋಣೆಗೆ ಹೋಗಿ, ಆವತ್ತಿನ ನನ್ನ ಅಂಕಿ ತಪ್ಪು ಎಂದರು.

ಮ್ಯಾನೇಜರಿಗೆ ಫಜೀತಿ. ಊರೆಲ್ಲ ಕರೆದು ಗಡಿಯಾರ ಕೊಟ್ಟವರು ಅವರೇ ಅಲ್ಲವೇ. ಸ್ವಲ್ಪ ಹೊತ್ತು ಪೆನ್ನು ತಿರುಗಿಸಿ, ಹೋಗಲಿ, ಯಂತ್ರ ಕೆಟ್ಟಿತ್ತು ಅಂತ ಬರೆದುಬಿಡಿ, ಯಂತ್ರಕ್ಕೇನು ಮಾನ ಹೋಗುತ್ತದೆಯೇ ಅಂದರು. ತಪ್ಪಿಸಿಕೊಳ್ಳಲು ಬಾಗಿಲು ತೆರೆದೇ ಕೊಟ್ಟಿದ್ದರು, ಅತ್ತಿಗೆ ದಾಟಿ ಹೋಗಬಹುದಿತ್ತು.

"ಯಂತ್ರ ಸರಿಯಾಗಿತ್ತು. ಸುಡದ ಪುಡಿ ನಾನು ನೋಡಿದೆ ಸಾರ್, ನೋಡಿ ತೊಳೆದೆ. ಎಲ್ಲಿ ಚಪ್ಪಾಳೆ ತಟ್ಟಿಸಿದ್ರೋ ಅಲ್ಲೇ ಇದನ್ನೂ ಹೇಳ್ತೀನಿ."

ಹೇಳಿದರು. ಪಾಳಿ ಬದಲಾಗುವ ಹೊತ್ತಿಗೆ ಅದೇ ಅಂಗಳದಲ್ಲಿ ನಿಂತು, ತಮ್ಮನಿಗೆ ಅನ್ಯಾಯ ಮಾಡಿದೆ, ಒಳ್ಳೆಯವಳು ಅನ್ನಿಸಿಕೊಳ್ಳಲು ಮಾಡಿದೆ ಎಂದು ಹೇಳಿದರು. ಕೆಲವರು ನೆಲ ನೋಡಿದರು, ಕೆಲವರು ನಕ್ಕರು. ತಾವು ಪಾಠ ಹೇಳಿ ಅಳಿಸಿದ್ದ ಹುಡುಗಿಯರ ಮುಂದೆ ತಲೆ ತಗ್ಗಿಸಿ ನಿಂತದ್ದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ತಮ್ಮನ ಮಾಲು ತೆಗೆದುಕೊಳ್ಳುತ್ತೇವೆ ಎಂದು ಮ್ಯಾನೇಜರು ಒಪ್ಪಿದರು. ಹೊರಗಿನವರ ಮುಂದೆ ಹೇಳಿದ್ದಾಯಿತು, ಇನ್ನು ಮನೆಯಲ್ಲಿ ಹೇಳುವುದು ಸುಲಭ, ಅದೂ ಸಿಹಿ ಸುದ್ದಿಯ ಜೊತೆ, ಅಂದುಕೊಂಡು ಅತ್ತಿಗೆ ಬಸ್ಸಿಗೂ ಕಾಯದೆ ನಡೆದೇ ಬಂದರು.

ಬಂದಾಗ ನಮ್ಮವರು ಶೆಡ್ಡು ಗುಡಿಸುತ್ತಿದ್ದರು. ನಾನು ಬಾಗಿಲಲ್ಲಿ ಅಳುತ್ತಾ ನಿಂತಿದ್ದೆ. ಶೆಡ್ಡು ಖಾಲಿ. ಪ್ರೆಸ್ ನಿಂತಿದ್ದ ಕಡೆ ನೆಲದಲ್ಲಿ ಬೋಲ್ಟು ಕಿತ್ತ ತೂತುಗಳು, ಸುತ್ತ ಎಣ್ಣೆಯ ಕಲೆ. ಸಾಮಿಲ್ಲಿನ ಲಾರಿ ಮಧ್ಯಾಹ್ನ ಬಂದು ಹೋಗಿತ್ತು. ನಮ್ಮವರು ಪೊರಕೆ ಗೋಡೆಗೆ ಒರಗಿಸಿ, ಅಕ್ಕನನ್ನು ಸಮಾಧಾನ ಮಾಡುವವರ ಹಾಗೆ ನಕ್ಕರು.

"ಕೊಟ್ಟುಬಿಟ್ಟೆ ಅಕ್ಕ. ನಿನ್ನ ಮುಖ ನೋಡೋಕಾಗ್ತಿರಲಿಲ್ಲ. ನನ್ನಿಂದ ನೀನು ಅಲ್ಲಿ ತಲೆ ತಗ್ಗಿಸೋದು ಇನ್ನು ಬೇಡ."

ಭೂಮಿ ಬಾಯಿ ಬಿಡಬಾರದೇ ಅಂತಾರಲ್ಲ, ಅತ್ತಿಗೆಗೆ ಆಗ ಹಾಗೇ ಆಗಿರಬೇಕು. ಶೆಡ್ಡಿನ ಹೊಸ್ತಿಲ ಮೇಲೆ ಕೂತರು. ಕೂತಲ್ಲೇ ಎಲ್ಲ ಹೇಳಿದರು, ಬೀರುವಿನಲ್ಲಿದ್ದ ಅಚ್ಚು, ಗೋಡೆಗೆ ಅಂಟಿದ್ದ ಪುಡಿ, ನಲ್ಲಿ, ಚಪ್ಪಾಳೆ, ಹಂಡೆ. ತಮಗೆ ಅನುಕೂಲವಾಗುವ ಒಂದು ಮಾತನ್ನೂ ಸೇರಿಸಲಿಲ್ಲ. ನಾನು ಇಷ್ಟು ದಿನದಿಂದ ಕೂಡಿಟ್ಟಿದ್ದ ಬೈಗುಳಗಳೆಲ್ಲ ನಾಲಿಗೆಯ ತುದಿಗೆ ಬಂದವು, ಆದರೆ ಆ ಮುಖ ನೋಡಿ ಒಂದನ್ನೂ ಆಡಲಾಗಲಿಲ್ಲ.

ನಮ್ಮವರು ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು.

"ಇವತ್ತು ಎಷ್ಟು ಬಂತು?"

ಅತ್ತಿಗೆ ಹೇಳಿದರು. ಅವರು ಇನ್ನೊಂದು ಸಲ ಕೇಳಿದರು, ಅತ್ತಿಗೆ ಇನ್ನೊಂದು ಸಲ ಹೇಳಿದರು. ನಮ್ಮವರು ತಮ್ಮ ಬಲಗೈಯನ್ನು ಬಿಚ್ಚಿ ಅಂಗೈ ನೋಡಿಕೊಂಡರು.

"ಹಾಗಾದ್ರೆ ನಾನು ಚೆನ್ನಾಗೇ ಮಾಡಿದ್ದೆ."

ಅಷ್ಟು ಅಂದು ಪೊರಕೆ ತೆಗೆದುಕೊಂಡು ಉಳಿದದ್ದನ್ನು ಗುಡಿಸಿದರು. ಅತ್ತಿಗೆಯನ್ನು ಬೈದಿದ್ದರೆ, ಎದ್ದು ಹೊರಗೆ ಹೋಗು ಅಂದಿದ್ದರೆ ಅವರಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಬೈಯಲಿಲ್ಲ. ಅತ್ತಿಗೆ ಹೊಸ್ತಿಲ ಮೇಲೆ ಕೂತೇ ಇದ್ದರು, ಅವರನ್ನು ದಾಟಿಕೊಂಡು ಕಸ ಹೊರಗೆ ಹಾಕಲಾಗದೆ ನಮ್ಮವರು ಅದನ್ನು ಮೂಲೆಗೆ ಸರಿಸಿಟ್ಟರು.

ಪ್ರೆಸ್ ವಾಪಸ್ ಕೇಳಲು ಅತ್ತಿಗೆಯೇ ಸಾಮಿಲ್ಲಿಗೆ ಹೋದರು. ಜನ್ಮದಲ್ಲಿ ಯಾರ ಮುಂದೆಯೂ ಕೈ ಚಾಚದವರು ಆ ಮರದ ದಿಮ್ಮಿಗಳ ನಡುವೆ ನಿಂತು ಬೇಡಿಕೊಂಡರು. ಯಜಮಾನ ಕುರ್ಚಿ ಕೊಟ್ಟು ಮರ್ಯಾದೆಯಿಂದಲೇ ಮಾತಾಡಿದ. ಆದರೆ ಕಾರ್ಖಾನೆಯ ಅಂಗಳದಲ್ಲಿ ಆದ ಮಾತು ಅವನಿಗೆ ಆಗಲೇ ತಲುಪಿತ್ತು. ಅಷ್ಟು ಒಳ್ಳೆಯ ಮಾಲು ಬರುವ ಯಂತ್ರ ಅಂತ ನೀವೇ ಎಲ್ಲರ ಮುಂದೆ ಹೇಳಿದ್ದೀರಲ್ಲ ಮೇಡಂ, ಇನ್ನು ಹೇಗೆ ಕೊಡಲಿ ಅಂದ. ಬೇಕಾದರೆ ನಿಮ್ಮ ತಮ್ಮನನ್ನೇ ಅದರ ಮೇಲೆ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ ಅಂದ.

ಈಗ ನಮ್ಮವರು ಬುತ್ತಿ ಕಟ್ಟಿಕೊಂಡು ಸಾಮಿಲ್ಲಿಗೆ ಹೋಗುತ್ತಾರೆ. ಅದೇ ಪ್ರೆಸ್, ಅದೇ ಹೊಟ್ಟು, ಅದೇ ಕೈ. ಕೊರಡುಗಳು ಲಾರಿ ತುಂಬ ಕಾರ್ಖಾನೆಗೆ ಹೋಗುತ್ತವೆ, ಸಾಮಿಲ್ ಯಜಮಾನನ ಹೆಸರಿನಲ್ಲಿ. ಪ್ರತಿ ಲಾರಿಯ ಮಾದರಿಯೂ ಅತ್ತಿಗೆಯ ಮೇಜಿಗೆ ಬರುತ್ತದೆ. ಮುರಿದ ಕಡೆ ನೋಡಿದರೇ ಅದು ಯಾರ ಕೈ ಎಂದು ಅವರಿಗೆ ಗೊತ್ತಾಗುತ್ತದೆ. ಮಾತ್ರೆ ಒತ್ತುತ್ತಾರೆ, ಸುಡುತ್ತಾರೆ, ಮುಚ್ಚಳ ತೆಗೆದು ಹತ್ತಿರ ಯಾರಿದ್ದರೂ ಕರೆದು, ನೀನೂ ಒಂದು ಸಲ ಒಳಗೆ ನೋಡು ಅನ್ನುತ್ತಾರೆ. ಆಮೇಲೆ ಅಂಕಿ ಬರೆದು, ಅದರ ಎದುರಿಗೆ ಸಾಮಿಲ್ ಯಜಮಾನನ ಹೆಸರು ಬರೆಯುತ್ತಾರೆ.

ಸಂಜೆ ಮೂವರೂ ಊಟಕ್ಕೆ ಕೂರುತ್ತೇವೆ. ನಾನು ತಟ್ಟೆ ಕುಕ್ಕುವುದನ್ನು ಬಿಟ್ಟಿದ್ದೇನೆ. ಲಾರಿ ಹೋದ ದಿನ ನಮ್ಮವರು ತುತ್ತು ಕಲಸುತ್ತಾ, ಇವತ್ತು ಎಷ್ಟು ಬಂತಕ್ಕ ಎಂದು ಕೇಳುತ್ತಾರೆ. ಆ ಅಂಕಿಯೊಂದೇ ಈಗ ಅವರದು. ಅತ್ತಿಗೆ ತಟ್ಟೆಯಿಂದ ತಲೆ ಎತ್ತದೆ ಹೇಳುತ್ತಾರೆ.